ಗಿಲೀಟಿನ ಹೊಳಪಿಗೆ ಒಂದು ಚರಿತ್ರೆ ಇದೆ

ಇವತ್ತಿನ ಕಥೆ ಚಿನ್ನದ್ದಲ್ಲ, ಚಿನ್ನದ ಥರ ಕಾಣೋ ಒಡವೆಯದ್ದು. ರೋಲ್ಡ್ ಗೋಲ್ಡ್, ಒನ್ ಗ್ರಾಂ ಗೋಲ್ಡ್, ಗಿಲೀಟು... ಏನಾದರೂ ಕರೀರಿ, ಮದುವೆ ಸೀಸನ್ ಬಂದರೆ ಎಲ್ಲರಿಗೂ ಬೇಕು.

ಕಥೆಯನ್ನ ಕಾಮಾಕ್ಷಿಪಾಳ್ಯದಿಂದ ಶುರು ಮಾಡ್ತೀನಿ. ಮಾಗಡಿ ರಸ್ತೆ ಪಕ್ಕದ ಈ ಗಲ್ಲಿಗಳಲ್ಲಿ ಲೇತ್ ಅಂಗಡಿಗಳ ನಡುವೆ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿವೆ. ಇಲ್ಲಿ ಹೆಚ್ಚಾಗಿ ಯಂತ್ರದ ಬಿಡಿಭಾಗಗಳಿಗೆ ನಿಕಲ್, ಕ್ರೋಮ್, ಸತುವಿನ ಲೇಪ ಹಾಕ್ತಾರೆ. ಆದರೆ ಗಿಲೀಟು ಸರದ ವಿಜ್ಞಾನವೂ ಇದೇ: ಲೋಹ ಕರಗಿದ ದ್ರಾವಣದಲ್ಲಿ ವಸ್ತು ಮುಳುಗಿಸಿ ವಿದ್ಯುತ್ ಹರಿಸಿದರೆ ತೆಳು ಪದರ ಕೂರುತ್ತೆ. 1840ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್ಟನ್ ಸೋದರಬಂಧುಗಳು ಇದಕ್ಕೆ ಪೇಟೆಂಟ್ ಪಡೆದರು. ಅಸಲಿ ರೋಲ್ಡ್ ಗೋಲ್ಡ್ ಬೇರೆ. ಅದರಲ್ಲಿ ಹಿತ್ತಾಳೆಯಂಥ ಲೋಹದ ಮೇಲೆ ಚಿನ್ನದ ತಗಡನ್ನೇ ಒತ್ತಿ ಬೆಸೀತಾರೆ. ಅದಕ್ಕೇ ಹೆಚ್ಚು ಬಾಳಿಕೆ.

1920ರ ದಶಕದಲ್ಲಿ ಪ್ಯಾರಿಸ್‌ನ ಕೊಕೊ ಶನೆಲ್ ನಕಲಿ ಮುತ್ತಿನ ಸರಗಳನ್ನ ಧೈರ್ಯವಾಗಿ ಫ್ಯಾಷನ್ ಮಾಡಿದರು. ನಮ್ಮಲ್ಲಿ ಚಿನ್ನದ ಲೆಕ್ಕಾಚಾರ ಅಲುಗಾಡಿಸಿದ್ದು ಫ್ಯಾಷನ್ ಅಲ್ಲ, ಕಾನೂನು. ಚೀನಾ ಯುದ್ಧದ ಬೆನ್ನಲ್ಲೇ, 1963ರ ಜನವರಿಯಲ್ಲಿ ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣ ನಿಯಮ ತಂದರು. 14 ಕ್ಯಾರೆಟ್‌ಗಿಂತ ಶುದ್ಧವಾದ ಹೊಸ ಒಡವೆ ಮಾಡೋ ಹಾಗಿಲ್ಲ! 22 ಕ್ಯಾರೆಟ್‌ಗೆ ಒಗ್ಗಿದ್ದ ಮನೆಗಳಿಗೆ ಇದು ರುಚಿಸಲಿಲ್ಲ. ದೇಶದ ಉದ್ದಗಲಕ್ಕೂ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು. 1968ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆಯೇ ಬಂತು, ಅದು ರದ್ದಾಗಿದ್ದು 1990ರಲ್ಲಿ. ಚಿನ್ನದ ಆಸೆ ಮಾತ್ರ ಕಾನೂನಿಗೆ ಬಗ್ಗಲಿಲ್ಲ.

ಇನ್ನು ವಿನ್ಯಾಸ. ಭರತನಾಟ್ಯದ ವೇದಿಕೆಯಲ್ಲಿದ್ದ ಕೆಂಪು ಕಲ್ಲಿನ ಟೆಂಪಲ್ ಜ್ಯುವೆಲರಿ ಮದುವೆ ಮಂಟಪಕ್ಕೆ ಬಂತು. ಒಂದು ಕಾಲಕ್ಕೆ ಫಳಫಳ ಹಳದಿ ಬೇಕಿತ್ತು, ಈಗ ಮಂಕಾದ 'ಆಂಟಿಕ್' ಬಣ್ಣವೇ ಸ್ಟೈಲು. ಹೊಸದನ್ನ ಹಳೇದರ ಹಾಗೆ ಕಾಣಿಸೋದಕ್ಕೂ ನಾವೀಗ ದುಡ್ಡು ಕೊಡ್ತೀವಿ. ಮೂರು ದಿನಕ್ಕೆ ಸೆಟ್ ಬಾಡಿಗೆ ತರೋದರಲ್ಲಿ ಯಾರಿಗೂ ಮುಜುಗರ ಇಲ್ಲ. ನನ್ನ ಪ್ರಕಾರ ಅದು ಒಳ್ಳೇದೇ. ಮಗಳ ಮದುವೆಗೆ ಸಾಲ ಮಾಡೋದಕ್ಕಿಂತ ಗಿಲೀಟು ಎಷ್ಟೋ ವಾಸಿ.

ಆದರೆ ಅಗ್ಗದ ಹೊಳಪಿಗೂ ಒಂದು ಬಿಲ್ ಇದೆ. ಯಾವ ಪ್ಲೇಟಿಂಗ್ ಆದರೂ ಕೊನೆಗೆ ಉಳಿಯೋದು ಲೋಹ, ರಾಸಾಯನಿಕ ಬೆರೆತ ನೀರು. ಅದನ್ನ ಶುದ್ಧೀಕರಿಸದೆ ಮೋರಿಗೆ ಬಿಟ್ಟರೆ, ಈ ಭಾಗದಲ್ಲಿ ಅದು ಸೇರೋದು ವೃಷಭಾವತಿಯನ್ನ. ಆ ನದಿಯ ವಾಸನೆ ಮೈಸೂರು ರಸ್ತೆಯಲ್ಲಿ ಓಡಾಡೋರಿಗೆ ಗೊತ್ತು.

ಹಾಗಾಗಿ ಬಣ್ಣ ಹೋದ ಸರವನ್ನ ಎಸೆದು ಪ್ರತಿ ಹಬ್ಬಕ್ಕೂ ಹೊಸದು ಕೊಳ್ಳೋ ಬದಲು, ಬಾಳಿಕೆ ಬರೋ ಒಂದನ್ನೇ ಆರಿಸಿಕೊಳ್ಳಿ, ಒಣ ಬಟ್ಟೆಯಲ್ಲಿ ಸುತ್ತಿಡಿ, ಅಕ್ಕ ತಂಗಿಯರು ಹಂಚಿಕೊಂಡು ಹಾಕಿ. ಮುಂದಿನ ಕಂತಿನಲ್ಲಿ ಸಿಗೋಣ.