ಕಥೋಲಿಕ ಪ್ರೌಢಶಾಲಾ ವಿದ್ಯಾರ್ಥಿಗಳ ವಿಶ್ವಾಸ ಹಂಚಿಕೆ ಗುಂಪುಗಳು

ವಿಶ್ವಾಸ ಹಂಚಿಕೆ ಗುಂಪು ಎಂದರೆ ಕಥೋಲಿಕ ವಿದ್ಯಾರ್ಥಿಗಳು ನಿಯತವಾಗಿ ಒಂದೆಡೆ ಸೇರಿ, ಬೈಬಲ್ಲಿನ ಒಂದು ಭಾಗವನ್ನು ಓದಿ, ಅದರ ಬೆಳಕಿನಲ್ಲಿ ತಮ್ಮ ನಿತ್ಯಜೀವನವನ್ನು ಕುರಿತು ಮಾತನಾಡುವ ಸಣ್ಣ ಕೂಟ. ಧರ್ಮೋಪದೇಶದ ತರಗತಿಯಲ್ಲಿ ಶಿಕ್ಷಕರು ಬೋಧಿಸುತ್ತಾರೆ. ಈ ಕೂಟದಲ್ಲಿ ಮುಖ್ಯವಾಗಿ ಮಾತನಾಡುವವರು ವಿದ್ಯಾರ್ಥಿಗಳೇ. ಹಿರಿಯರೊಬ್ಬರು ಮಾರ್ಗದರ್ಶಕರಾಗಿ ಜೊತೆಗಿರುತ್ತಾರೆ. ಭಾರತದಲ್ಲಿ ಈ ಬಗೆಯ ಕೂಟಗಳನ್ನು ನಡೆಸುವ ಸಂಘಟನೆಗಳಲ್ಲಿ ವೈ.ಸಿ.ಎಸ್. ಎಂದು ಕರೆಯಲಾಗುವ ಯಂಗ್ ಕ್ರಿಶ್ಚಿಯನ್ ಸ್ಟೂಡೆಂಟ್ಸ್ ಪ್ರಮುಖವಾದುದು.

ಹಿನ್ನೆಲೆ

ಕಥೋಲಿಕ ಶಾಲೆಗಳಲ್ಲಿ ವಿದ್ಯಾರ್ಥಿ ಕೂಟಗಳ ಪರಂಪರೆ ಹಳೆಯದು. 1563ರಲ್ಲಿ ಯೇಸುಸಭೆಯ ಜಾನ್ ಲ್ಯೂನಿಸ್ ಅವರು ರೋಮಿನ ಕಾಲೇಜಿನಲ್ಲಿ ಮರಿಯ ಮಾತೆಯ ಹೆಸರಿನ ಸೊಡಾಲಿಟಿಯನ್ನು ಆರಂಭಿಸಿದರು. ಇದು ಪ್ರಾರ್ಥನೆ ಮತ್ತು ಸೇವೆಗೆ ಒತ್ತು ನೀಡಿತು.

ಇಪ್ಪತ್ತನೆಯ ಶತಮಾನದಲ್ಲಿ ಬೆಲ್ಜಿಯಂನ ಧರ್ಮಗುರು ಜೋಸೆಫ್ ಕಾರ್ಡೈನ್ (1882–1967) ಯುವ ಕಾರ್ಮಿಕರ ನಡುವೆ ಹೊಸ ಕ್ರಮವೊಂದನ್ನು ರೂಢಿಸಿದರು. 'ನೋಡು, ವಿವೇಚಿಸು, ಕಾರ್ಯಪ್ರವೃತ್ತನಾಗು' ಎಂಬುದು ಅದರ ಸೂತ್ರ. ಇದೇ ಸೂತ್ರವನ್ನು ವಿದ್ಯಾರ್ಥಿ ಸಂಘಟನೆಗಳೂ ಸ್ವೀಕರಿಸಿದವು. ಅವುಗಳ ಅಂತರರಾಷ್ಟ್ರೀಯ ಒಕ್ಕೂಟವು 1946ರಲ್ಲಿ ಸ್ಥಾಪನೆಗೊಂಡಿತು. ಪೋಪ್ 23ನೆಯ ಜಾನ್ ಅವರು 1961ರ 'ಮಾತೆರ್ ಎತ್ ಮಜಿಸ್ತ್ರಾ' ಎಂಬ ವಿಶ್ವಪತ್ರದಲ್ಲಿ ಈ ಮೂರು ಹಂತಗಳನ್ನು ಶಿಫಾರಸು ಮಾಡಿದರು. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ ಶ್ರೀಸಾಮಾನ್ಯರ ಪ್ರೇಷಿತಕಾರ್ಯದ ದಾಖಲೆಯು, ಯುವಜನರ ನಡುವೆ ಮೊದಲು ಕೆಲಸ ಮಾಡಬೇಕಾದವರು ಯುವಜನರೇ ಎಂದು ಹೇಳಿತು.

ಸಭೆಯ ಕ್ರಮ

ಗುಂಪುಗಳಲ್ಲಿ ಎರಡು ಕ್ರಮಗಳು ಹೆಚ್ಚಾಗಿ ಬಳಕೆಯಲ್ಲಿವೆ.

ಮೊದಲನೆಯದು ಕಾರ್ಡೈನ್ ಅವರ ಮೂರು ಹಂತಗಳ ಕ್ರಮ. ಉದಾಹರಣೆಗೆ, ಸುಗ್ಗಿಯ ಕಾಲದಲ್ಲಿ ಸಹಪಾಠಿಯೊಬ್ಬ ಕೂಲಿಗೆ ಹೋಗಿ ಶಾಲೆ ತಪ್ಪಿಸುತ್ತಾನೆಂದು ಭಾವಿಸೋಣ. ಗುಂಪು ಮೊದಲು ಆತನ ಮನೆಯ ಪರಿಸ್ಥಿತಿಯನ್ನು ಅರಿಯುತ್ತದೆ. ಬಳಿಕ ಲೂಕನ ಶುಭಸಂದೇಶದ 10ನೆಯ ಅಧ್ಯಾಯದಲ್ಲಿರುವ ದಯಾಳು ಸಮಾರಿಯದವನ ಸಾಮತಿಯಂತಹ ಭಾಗವನ್ನು ಓದಿ, ತನ್ನ ಕರ್ತವ್ಯವೇನೆಂದು ವಿವೇಚಿಸುತ್ತದೆ. ಕೊನೆಗೆ ತಪ್ಪಿದ ಪಾಠಗಳ ಟಿಪ್ಪಣಿ ಬರೆದುಕೊಡುವುದು, ಶಿಕ್ಷಕರಿಗೆ ವಿಷಯ ತಿಳಿಸುವುದು ಮೊದಲಾದ ಒಂದು ನಿರ್ದಿಷ್ಟ ಕೆಲಸವನ್ನು ನಿಶ್ಚಯಿಸುತ್ತದೆ. ಮುಂದಿನ ಸಭೆಯು ಆ ಕೆಲಸ ನಡೆಯಿತೇ ಎಂಬ ಪ್ರಶ್ನೆಯಿಂದ ಆರಂಭವಾಗುತ್ತದೆ.

ಎರಡನೆಯದು ದಕ್ಷಿಣ ಆಫ್ರಿಕದ ಲುಮ್ಕೊ ಸಂಸ್ಥೆಯಲ್ಲಿ ಓಸ್ವಾಲ್ಡ್ ಹಿರ್ಮರ್ ಮತ್ತು ಫ್ರಿಟ್ಸ್ ಲೋಬಿಂಗರ್ ಅವರ ಕಾರ್ಯದ ಮೂಲಕ ಪ್ರಚಾರಕ್ಕೆ ಬಂದ ಏಳು ಹೆಜ್ಜೆಗಳ ಕ್ರಮ: ಪ್ರಭುವನ್ನು ಆಹ್ವಾನಿಸುವುದು, ವಾಕ್ಯ ಓದುವುದು, ಮನಮುಟ್ಟಿದ ಪದಗಳನ್ನು ಪುನರುಚ್ಚರಿಸುವುದು, ಮೌನ, ಹಂಚಿಕೆ, ಗುಂಪಿನ ಕಾರ್ಯದ ಚರ್ಚೆ ಮತ್ತು ಪ್ರಾರ್ಥನೆ. ಹಂಚಿಕೆಯ ಹೊತ್ತಿನಲ್ಲಿ ಯಾರೂ ಇನ್ನೊಬ್ಬರ ಮಾತನ್ನು ತಿದ್ದುವುದಾಗಲಿ, ವಾದಿಸುವುದಾಗಲಿ ಸಲ್ಲದು. ವಯಸ್ಕರ ಕಿರು ಕ್ರೈಸ್ತ ಸಮುದಾಯಗಳಲ್ಲಿಯೂ ಇದೇ ಕ್ರಮ ಬಳಕೆಯಲ್ಲಿದೆ.

ಭಾರತದಲ್ಲಿ ಎರಡು ಹೆಸರು

ಭಾರತದ ಕಥೋಲಿಕ ಶಾಲೆಗಳಲ್ಲಿ ಅನ್ಯಧರ್ಮೀಯ ವಿದ್ಯಾರ್ಥಿಗಳ ಸಂಖ್ಯೆ ದೊಡ್ಡದು. ಆದ್ದರಿಂದ ಇಲ್ಲಿ ಸಂಘಟನೆಗೆ ವೈ.ಸಿ.ಎಸ್. ಜೊತೆಗೆ ವೈ.ಎಸ್.ಎಂ., ಅಂದರೆ ಯಂಗ್ ಸ್ಟೂಡೆಂಟ್ಸ್ ಮೂವ್‌ಮೆಂಟ್, ಎಂಬ ಹೆಸರೂ ಇದೆ. ಎರಡನೆಯ ಹೆಸರಿನಡಿ ಎಲ್ಲ ಧರ್ಮಗಳ ವಿದ್ಯಾರ್ಥಿಗಳು ಸಮಾಜಸೇವೆಯ ಕೆಲಸಗಳಲ್ಲಿ ಪಾಲ್ಗೊಳ್ಳಬಹುದು.

ಹಾವೇರಿ ಜಿಲ್ಲೆಯ ಸಂದರ್ಭ

ಹಿರೇಕೆರೂರು, ಹಾನಗಲ್ಲ, ಶಿಗ್ಗಾಂವಿ, ಸವಣೂರು ತಾಲ್ಲೂಕುಗಳು 1953ರಲ್ಲಿ ಸ್ಥಾಪಿತವಾದ ಬೆಳಗಾವಿ ಧರ್ಮಪ್ರಾಂತ್ಯದ ವ್ಯಾಪ್ತಿಗೆ ಸೇರುತ್ತವೆ. ಇಲ್ಲಿ ಕಥೋಲಿಕರು ಅಲ್ಪಸಂಖ್ಯಾತರು. ಕಥೋಲಿಕ ವಿದ್ಯಾರ್ಥಿಗಳು ವಿರಳವಾಗಿರುವ ಇಂತಹ ಪ್ರದೇಶಗಳಲ್ಲಿ ತರಗತಿವಾರು ಗುಂಪು ಕಟ್ಟುವುದು ಕಷ್ಟ. ಧರ್ಮಕೇಂದ್ರ ಅಥವಾ ವಿದ್ಯಾರ್ಥಿನಿಲಯವೇ ಅದಕ್ಕೆ ಅನುಕೂಲ. ಧರ್ಮಪ್ರಾಂತ್ಯದಲ್ಲಿ ಕನ್ನಡ, ಕೊಂಕಣಿ, ಮರಾಠಿ ಮಾತನಾಡುವ ಕಥೋಲಿಕರಿದ್ದಾರೆ. ಮನೆಮಾತು ಬೇರೆಯಾದ ಮಕ್ಕಳು ಒಂದೇ ಗುಂಪಿನಲ್ಲಿದ್ದಾಗ ಶಾಲೆಯ ಕನ್ನಡವೇ ಹಂಚಿಕೆಯ ಭಾಷೆಯಾಗಬಲ್ಲದು.

ಕಾನೂನು ಮತ್ತು ಮಕ್ಕಳ ರಕ್ಷಣೆ

ಸಂವಿಧಾನದ 30ನೆಯ ವಿಧಿಯು ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ನೀಡಿದೆ. ಆದರೆ 28(3)ನೆಯ ವಿಧಿಯಂತೆ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯು ಯಾವ ವಿದ್ಯಾರ್ಥಿಯನ್ನೂ ಧಾರ್ಮಿಕ ಬೋಧನೆ ಅಥವಾ ಆರಾಧನೆಯಲ್ಲಿ ಪಾಲ್ಗೊಳ್ಳುವಂತೆ ಒತ್ತಾಯಿಸುವಂತಿಲ್ಲ. ಅಪ್ರಾಪ್ತ ವಯಸ್ಕರಾದರೆ ಪೋಷಕರ ಒಪ್ಪಿಗೆ ಬೇಕು. ಪ್ರೌಢಶಾಲಾ ವಿದ್ಯಾರ್ಥಿಗಳು ಸಾಮಾನ್ಯವಾಗಿ ಅಪ್ರಾಪ್ತ ವಯಸ್ಕರಾದುದರಿಂದ ಈ ನಿಯಮ ಶಾಲೆಯೊಳಗಿನ ಗುಂಪುಗಳಿಗೆ ಮುಖ್ಯವಾಗುತ್ತದೆ.

ಗುಂಪಿನಲ್ಲಿ ಆಡಿದ ಮಾತು ಹೊರಹೋಗಬಾರದೆಂಬುದು ಸಾಮಾನ್ಯ ಕಟ್ಟುಪಾಡು. ಈ ಭರವಸೆಯಿಲ್ಲದೆ ಮಕ್ಕಳು ಮನಬಿಚ್ಚಿ ಮಾತನಾಡಲಾರರು. ಆದರೆ ಇದಕ್ಕೆ ಮಿತಿಯುಂಟು. ಮಗುವೊಂದು ತನ್ನ ಮೇಲಾದ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡರೆ, 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ ಅದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಆದುದರಿಂದ ಮಾರ್ಗದರ್ಶಕರು ಗೋಪ್ಯತೆಯ ಈ ಮಿತಿಯನ್ನು ಮೊದಲ ಸಭೆಯಲ್ಲಿಯೇ ವಿದ್ಯಾರ್ಥಿಗಳಿಗೆ ತಿಳಿಸುವುದು ಅವಶ್ಯಕ.