ಕನ್ನಡ ಕವಿಗಳ ಕೈಯಲ್ಲಿ ಪುರಾಣದ ಕಥೆ

ನಮ್ಮ ಶಾಲೆ ಇನ್ನೂ ಹೆಂಚಿನ ಕಟ್ಟಡದಲ್ಲಿದ್ದ ಕಾಲ. ವಾರ್ಷಿಕೋತ್ಸವಕ್ಕೆ ಒಂಬತ್ತನೆಯ ತರಗತಿಯವರು ‘ಏಕಲವ್ಯ’ ಎಂಬ ಸಣ್ಣ ನಾಟಕ ಆಡುವುದೆಂದು ಗೊತ್ತಾಗಿತ್ತು. ಬರೆದವರು ನಮ್ಮ ಕನ್ನಡ ಮೇಷ್ಟ್ರೇ. ತಾಲೀಮಿನಲ್ಲಿ ಹೆಬ್ಬೆರಳು ಕೊಡುವ ದೃಶ್ಯ ಬಂದಾಗ ಏಕಲವ್ಯನ ಪಾತ್ರದ ಹುಡುಗ ಸುಮ್ಮನೆ ನಿಂತುಬಿಟ್ಟ. “ಯಾಕೆ ಕೊಡಬೇಕು ಸಾರ್? ಅವರು ಇವನಿಗೆ ಪಾಠಾನೇ ಹೇಳ್ಕೊಟ್ಟಿಲ್ವಲ್ಲ” ಎಂದ. ನಾವೆಲ್ಲ ನಕ್ಕೆವು. ಮೇಷ್ಟ್ರು ನಗಲಿಲ್ಲ. ಅಂದಿನ ತಾಲೀಮು ಅಲ್ಲಿಗೇ ಮುಗಿಯಿತು. ಮರುದಿನ ಅವರು ಬೀರುವಿನಿಂದ ಕುವೆಂಪು ಅವರ ‘ಬೆರಳ್‌ಗೆ ಕೊರಳ್’ ತೆಗೆದು ನಮಗೆ ಓದಿ ಹೇಳಿದರು. ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ.

ಆ ಹುಡುಗನ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇತ್ತು. ಹಿಂದಿನಿಂದ ಬಂದ ಕಥೆಯನ್ನು ಬಂದಂತೆಯೇ ಹೇಳಬೇಕೆ, ನಮ್ಮ ಕಾಲಕ್ಕೆ ತಕ್ಕಂತೆ ಬೇರೆ ಮಾಡಿ ಹೇಳಬಹುದೆ? ಮುಂದೆ ನಾನು ಇತಿಹಾಸದ ಮೇಷ್ಟ್ರಾಗಿ ಬೇರೆ ಊರುಗಳಲ್ಲಿ ಪಾಠ ಮಾಡಿದಾಗಲೂ ಈ ಪ್ರಶ್ನೆ ಬಿಡಲಿಲ್ಲ. ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬೇಕೆಂದು ಕೇಳಿದಾಗ ಮೊದಲು ನೆನಪಾದದ್ದೂ ಅದೇ.

ಕನ್ನಡದ ಮಟ್ಟಿಗೆ ಈ ಪ್ರಶ್ನೆಗೆ ಸಾವಿರ ವರ್ಷ ದಾಟಿದ ಇತಿಹಾಸವಿದೆ. ಕ್ರಿ.ಶ. 941ರ ಸುಮಾರಿಗೆ ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದ. ಜನ ಅದನ್ನು ‘ಪಂಪಭಾರತ’ ಎಂದು ಕರೆದರು. ಅವನ ದೊರೆ ಇಮ್ಮಡಿ ಅರಿಕೇಸರಿ, ಇಂದಿನ ತೆಲಂಗಾಣದಲ್ಲಿರುವ ವೇಮುಲವಾಡದ ಚಾಲುಕ್ಯ, ರಾಷ್ಟ್ರಕೂಟರ ಸಾಮಂತ. ಸಾಮಂತನಾದರೂ ಸಾಮಾನ್ಯನಲ್ಲ. ಚಕ್ರವರ್ತಿ ನಾಲ್ಕನೆಯ ಗೋವಿಂದನ ಕೋಪಕ್ಕೆ ಗುರಿಯಾದವನಿಗೆ ಆಶ್ರಯ ಕೊಟ್ಟವನು, ಕೊನೆಗೆ ಆ ಚಕ್ರವರ್ತಿಯನ್ನೇ ಕೆಳಗಿಳಿಸಿ ಬದ್ದೆಗನಿಗೆ ಪಟ್ಟ ಕಟ್ಟುವುದರಲ್ಲಿ ಮುಂದಾಳಾದವನು. ಇದನ್ನೆಲ್ಲ ಪಂಪನೇ ಕಾವ್ಯದಲ್ಲಿ ಹೇಳಿದ್ದಾನೆ. ರಾಷ್ಟ್ರಕೂಟರ ಚರಿತ್ರೆ ಬರೆಯುವವರು ಇವತ್ತಿಗೂ ಆ ಪದ್ಯಗಳನ್ನು ಬಳಸಿಕೊಳ್ಳುತ್ತಾರೆ.

ಇಂಥ ದೊರೆಯನ್ನು ಪಂಪ ಅರ್ಜುನನೊಡನೆ ಒಂದು ಮಾಡಿದ. ಅರ್ಜುನ ಎಂದಲ್ಲೆಲ್ಲ ಅರಿಕೇಸರಿ ಎಂದೂ ಓದಿಕೊಳ್ಳಬಹುದು. ಹಾಗೆ ಮಾಡಿದ ಮೇಲೆ ಕಥೆ ಇದ್ದಂತೆ ಇರಲು ಸಾಧ್ಯವೇ? ದೊರೆಯ ರಾಣಿಗೆ ಐವರು ಗಂಡಂದಿರು ಎಂದರೆ ಆಸ್ಥಾನದಲ್ಲಿ ಕೇಳುವವರು ಯಾರು! ಆದ್ದರಿಂದ ಪಂಪನ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಯುದ್ಧ ಮುಗಿದ ಮೇಲೆ ಪಟ್ಟವಾಗುವುದು ಧರ್ಮರಾಯನಿಗಲ್ಲ, ಅರ್ಜುನನಿಗೆ. ಪಕ್ಕದಲ್ಲಿ ಕೂರುವವಳು ಸುಭದ್ರೆ. ಹದಿಮೂರು ವರ್ಷ ಮುಡಿ ಬಿಚ್ಚಿ ಕಾದ ಹೆಂಗಸು ಎಲ್ಲಿ ಹೋದಳು ಎಂದು ನನ್ನ ತರಗತಿಯ ಹೆಣ್ಣುಮಕ್ಕಳು ಕೇಳಿದ್ದುಂಟು. ಉತ್ತರ ನನ್ನಲ್ಲಿರಲಿಲ್ಲ. ದೊರೆಯ ಋಣ ತೀರಿಸಲು ಹೋಗಿ ಕವಿ ಇಲ್ಲಿ ಎಡವಿದ್ದಾನೆ ಎಂದೇ ನನ್ನ ಅಭಿಪ್ರಾಯ.

ಆದರೆ ಅದೇ ಕಾವ್ಯದಲ್ಲಿ ಕರ್ಣನ ಭಾಗ ಬಂದಾಗ ಪಂಪ ಬೇರೆಯೇ ಮನುಷ್ಯ. ಭೀಷ್ಮನಿಗೆ ಸೇನಾಧಿಪತ್ಯ ಕಟ್ಟುವಾಗ ಕರ್ಣ ಮುದುಕನಿಗೇಕೆ ಈ ಪಟ್ಟ ಎಂದು ಹಂಗಿಸುತ್ತಾನೆ. ದ್ರೋಣ ಸಿಟ್ಟಿಗೆದ್ದು ಅವನ ಕುಲವನ್ನು ಎತ್ತಿ ಆಡುತ್ತಾನೆ. ಆಗ ಕರ್ಣ ಕೊಡುವ ಉತ್ತರವನ್ನು ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು: ಹುಟ್ಟಿನಿಂದ ಬಂದದ್ದು ಕುಲವಲ್ಲ, ಹಿಡಿದ ಛಲ, ನಡೆಯುವ ಗುಣ, ಅಭಿಮಾನ, ಪರಾಕ್ರಮ ಇವೇ ಕುಲ ಎಂಬುದು ಅದರ ತಾತ್ಪರ್ಯ. ಮುಂದೆ ಕರ್ಣ ಸತ್ತಾಗ, ಭಾರತದಲ್ಲಿ ಒಬ್ಬರನ್ನೇ ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಎನ್ನುತ್ತಾನೆ ಕವಿ. ಕಾವ್ಯ ಬರೆಸಿದವನು ಅರ್ಜುನ, ಕವಿ ನೆನೆಯಿರಿ ಎನ್ನುವುದು ಕರ್ಣನನ್ನು! ಅರಿಕೇಸರಿ ಇದನ್ನು ಕೇಳಿ ಮುಖ ಸಿಂಡರಿಸಲಿಲ್ಲವೆಂದು ಕಾಣುತ್ತದೆ. ಧರ್ಮವುರ ಎಂಬ ಅಗ್ರಹಾರವನ್ನೇ ಕವಿಗೆ ದಾನ ಕೊಟ್ಟ.

ಪಂಪನ ಹಾದಿಯಲ್ಲೇ ರನ್ನ ನಡೆದ. ಮುಧೋಳದವನು, ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಊರೂರು ತಿರುಗಿ ಬಳೆ ತೊಡಿಸುವ ಮನೆತನದ ಹುಡುಗ ಓದಬೇಕೆಂದು ಹೊರಟು, ಅಜಿತಸೇನಾಚಾರ್ಯರ ಶಿಷ್ಯನಾಗಿ, ಕೊನೆಗೆ ಕವಿಚಕ್ರವರ್ತಿ ಎನಿಸಿಕೊಂಡ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಎಂದು ಕೊರೆದಿರುವುದನ್ನು ಪ್ರವಾಸಕ್ಕೆ ಹೋದ ನಮ್ಮ ಶಾಲೆಯ ಮಕ್ಕಳೂ ನೋಡಿರಬಹುದು. ಅದು ರನ್ನನ ಗುರುತೆಂದೇ ಹೇಳುತ್ತಾರೆ. ಅವನ ‘ಗದಾಯುದ್ಧ’ದಲ್ಲಿ ಚಾಲುಕ್ಯ ಸತ್ಯಾಶ್ರಯನೇ ಭೀಮ; ಪಟ್ಟಾಭಿಷೇಕವೂ ಭೀಮನಿಗೇ. ಆದರೆ ಪುಸ್ತಕ ಮುಚ್ಚಿದ ಮೇಲೆ ಕಣ್ಣೆದುರು ನಿಲ್ಲುವವನು ದುರ್ಯೋಧನ. ಸಂಜಯನ ಹೆಗಲು ಹಿಡಿದು ಹೆಣಗಳ ನಡುವೆ ಒಬ್ಬನೇ ನಡೆಯುತ್ತಾನೆ. ದ್ರೋಣನನ್ನು ಕಂಡು ಮರುಗುತ್ತಾನೆ. ಶತ್ರುವಿನ ಮಗ ಅಭಿಮನ್ಯುವನ್ನು ಕಂಡು, ನಿನ್ನಂಥ ಸಾವು ನನಗೂ ಬರಲಿ ಎಂದು ಕೈಮುಗಿಯುತ್ತಾನೆ. ತಮ್ಮ ದುಶ್ಶಾಸನನ ಮುಂದೆ, ಮಗ ಲಕ್ಷಣಕುಮಾರನ ಮುಂದೆ, ಕರ್ಣನ ಮುಂದೆ ನಿಂತು ಅಳುತ್ತಾನೆ. ಸಂಧಿ ಮಾಡಿಕೋ ಎಂದು ಶರಶಯ್ಯೆಯ ಮೇಲಿದ್ದ ಭೀಷ್ಮ ಹೇಳಿದರೂ ಒಪ್ಪುವುದಿಲ್ಲ.

ಸತ್ಯಾಶ್ರಯ ಗೆದ್ದ ಯುದ್ಧಗಳನ್ನು ಪರೀಕ್ಷೆಗೆ ಓದಿದ ಹುಡುಗರು ಪರೀಕ್ಷೆ ಮುಗಿದ ಮರುದಿನ ಮರೆಯುತ್ತಾರೆ. ಈ ದುರ್ಯೋಧನನನ್ನು ಮರೆತವರನ್ನು ನಾನು ಕಂಡಿಲ್ಲ.

ನಮ್ಮ ಊರುಗಳಿಗೆ ಭಾರತ ಬಂದದ್ದು ಪಂಪ ರನ್ನರಿಂದಲ್ಲ, ಗದುಗಿನ ಕುಮಾರವ್ಯಾಸನಿಂದ. ಅವನಿಗೆ ಅರಮನೆಯ ಹಂಗಿರಲಿಲ್ಲ. ವೀರನಾರಾಯಣನೇ ಕವಿ, ತಾನು ಬರಿಯ ಲಿಪಿಕಾರ ಎಂದ. ಭಾಮಿನಿ ಷಟ್ಪದಿ ಓದು ಬಾರದವರ ಕಿವಿಗೂ ಹಿಡಿಸಿತು. ಮಳೆ ಹೋದ ವರ್ಷ ಗುಡಿಯಲ್ಲಿ ವಿರಾಟಪರ್ವ ಓದಿಸುತ್ತಿದ್ದ ಪದ್ಧತಿ ನಾಡಿನ ಅನೇಕ ಊರುಗಳಲ್ಲಿತ್ತು. ನಮ್ಮಲ್ಲೂ ಇದ್ದುದನ್ನು ಹಿರಿಯರು ಬಲ್ಲರು. ‘ಕುರುಕ್ಷೇತ್ರ’ ನಾಟಕವಂತೂ ಹೇಳಬೇಕಾಗಿಯೇ ಇಲ್ಲ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ತಾಲೀಮು ಮಾಡಿ, ಸೀನರಿ ಕಟ್ಟಿಸಿ, ಬೆಳಗಿನ ಜಾವದವರೆಗೆ ಆಡುತ್ತಾರೆ. ಪಾತ್ರಕ್ಕೆ ಇಷ್ಟು ಎಂದು ಪಾತ್ರಧಾರಿಯೇ ದುಡ್ಡು ಹಾಕಬೇಕು. ಅತಿ ಹೆಚ್ಚು ಪೈಪೋಟಿ ಯಾವುದಕ್ಕೆ? ದುರ್ಯೋಧನನ ಪಾತ್ರಕ್ಕೆ! ರನ್ನನ ಹೆಸರು ಕೇಳದವನೂ ಈ ಒಂದು ವಿಷಯದಲ್ಲಿ ರನ್ನನ ಮನೆಯವನೇ.

ಇಪ್ಪತ್ತನೆಯ ಶತಮಾನಕ್ಕೆ ಬಂದಾಗ ದೊರೆಗಳ ಜಾಗದಲ್ಲಿ ಓದುಗರು ಬಂದರು. ಬಿ.ಎಂ.ಶ್ರೀ. ಅವರು ರನ್ನನ ಕಾವ್ಯವನ್ನೇ ‘ಗದಾಯುದ್ಧ ನಾಟಕ’ ಮಾಡಿದರು. 1929ರಲ್ಲಿ ಗ್ರೀಕ್ ಕವಿ ಸೊಫೋಕ್ಲಿಸನ ‘ಅಜಾಕ್ಸ್’ ನಾಟಕದ ಜಾಡಿನಲ್ಲಿ ‘ಅಶ್ವತ್ಥಾಮನ್’ ಬರೆದರು. ಕುವೆಂಪು 1944ರಲ್ಲಿ ‘ಶೂದ್ರ ತಪಸ್ವಿ’ ಬರೆದಾಗ ಮಾತ್ರ ನಿಜವಾದ ಜಗಳ ಹತ್ತಿತು. ಉತ್ತರಕಾಂಡದ ಕಥೆಯಲ್ಲಿ ತಪಸ್ಸು ಮಾಡಿದ ತಪ್ಪಿಗೆ ಶಂಬೂಕನನ್ನು ರಾಮ ಕೊಲ್ಲುತ್ತಾನೆ. ಕುವೆಂಪು ಅವರ ನಾಟಕದಲ್ಲಿ ರಾಮನ ಬಾಣ ಶಂಬೂಕನನ್ನು ಮುಟ್ಟುವುದಿಲ್ಲ. ತಪಸ್ವಿಯನ್ನು ಕೊಲ್ಲಿಸಬೇಕೆಂದು ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಅವನು ಶಂಬೂಕನ ತಪಸ್ಸಿಗೆ ತಲೆಬಾಗಿದ ಮೇಲೆಯೇ ಉಳಿಯುತ್ತಾನೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಇದನ್ನು ಒಪ್ಪಲಿಲ್ಲ. ಜನ ಪೂಜ್ಯವೆಂದು ಇಟ್ಟುಕೊಂಡ ಕಥೆಯನ್ನು ಹೀಗೆ ತಿರುಗಿಸುವುದು ಸರಿಯಲ್ಲ ಎಂಬುದು ಅವರ ಆಕ್ಷೇಪದ ತಿರುಳು. ಕುವೆಂಪು ಉತ್ತರ ಕೊಟ್ಟರು. ಇಬ್ಬರೂ ಮುಂದೆ ಜ್ಞಾನಪೀಠ ಪಡೆದವರು. ಜಗಳವೂ ಅಂಥವರಿಗೆ ತಕ್ಕದಾಗಿಯೇ ಇತ್ತು.

ಮಾಸ್ತಿಯವರ ಆತಂಕವನ್ನು ಹಗುರವಾಗಿ ತಳ್ಳಿಹಾಕಲಾರೆ. ಈ ಕಥೆಗಳು ಒಬ್ಬರ ಸ್ವತ್ತಲ್ಲ. ಮನಸ್ಸಿಗೆ ಬಂದವರು ಬಂದಂತೆ ತಿದ್ದುತ್ತ ಹೋದರೆ ನಾಳೆ ಊರಿನವರೆಲ್ಲ ಕೂತು ಕೇಳುವ ಒಂದು ಕಥೆಯೇ ಉಳಿಯದಿರಬಹುದು. ಆದರೂ ನನಗೆ ಅನಿಸುವುದು ಇದು: ದೊರೆಯೊಬ್ಬನ ಮರ್ಯಾದೆಗಾಗಿ ದ್ರೌಪದಿಯ ಮದುವೆಯನ್ನೇ ಬದಲಿಸಿದ್ದನ್ನು ನಾವು ಸಾವಿರ ವರ್ಷ ಸಹಿಸಿಕೊಂಡು, ಆ ಕವಿಯನ್ನು ಆದಿಕವಿ ಎಂದೂ ಕರೆದಿದ್ದೇವೆ. ತಪಸ್ಸು ಮಾಡಿದ್ದಕ್ಕೆ ತಲೆ ಕಳೆದುಕೊಂಡವನ ಪರವಾಗಿ ಒಂದು ಬಾಣ ತಿರುಗಿದರೆ ಅದನ್ನೂ ಸಹಿಸಬೇಕಲ್ಲವೇ?

‘ಬೆರಳ್‌ಗೆ ಕೊರಳ್’ (1947) ಅಷ್ಟು ದೂರವೂ ಹೋಗುವುದಿಲ್ಲ. ಅಲ್ಲಿ ಏಕಲವ್ಯ ಬೆರಳು ಕೊಟ್ಟೇ ಕೊಡುತ್ತಾನೆ. ವ್ಯಾಸಭಾರತದಲ್ಲಿ ಬೆರಳು ಹೋಗುವುದು ಆದಿಪರ್ವದಲ್ಲಿ. ದ್ರೋಣನ ಕೊರಳು ಹೋಗುವುದು ಎಷ್ಟೋ ಪರ್ವಗಳ ಆಚೆ, ಕುರುಕ್ಷೇತ್ರದಲ್ಲಿ. ಎರಡೂ ಹಳೆಯ ಕಥೆಯಲ್ಲೇ ಇವೆ. ಕುವೆಂಪು ನಡುವೆ ಒಬ್ಬ ತಾಯಿಯನ್ನು ತಂದು ನಿಲ್ಲಿಸಿದರು, ಅವಳ ಬಾಯಲ್ಲಿ ಶಾಪ ಹಾಕಿಸಿದರು. ಮಗನ ರಕ್ತ ನೋಡಿದ ಬೇಡಿತಿಯೊಬ್ಬಳು ಸುಮ್ಮನಿದ್ದಾಳೆಯೇ ಎಂದು ಅವರಿಗಿಂತ ಮೊದಲು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಆಮೇಲೆ ಬಂದವರ ಪಟ್ಟಿ ದೊಡ್ಡದು. ಗಿರೀಶ ಕಾರ್ನಾಡರು ‘ಯಯಾತಿ’ಯಲ್ಲಿ (1961) ಪುರುವಿನ ಹೆಂಡತಿ ಚಿತ್ರಲೇಖೆಯನ್ನು ಹುಟ್ಟಿಸಿ, ಮುದುಕನಾದ ಗಂಡನೊಡನೆ ನಾನು ಏಕೆ ಬದುಕಬೇಕು ಎಂಬ ಪ್ರಶ್ನೆಯನ್ನು ಅವಳಿಂದ ಎತ್ತಿಸಿದರು. ಎಸ್.ಎಲ್. ಭೈರಪ್ಪನವರ ‘ಪರ್ವ’ (1979) ದೇವತೆಗಳನ್ನೂ ವರಗಳನ್ನೂ ತೆಗೆದುಹಾಕಿ ಮನುಷ್ಯರನ್ನು ಮಾತ್ರ ಉಳಿಸಿತು. ದಲಿತ ಕವಿ ಸಿದ್ಧಲಿಂಗಯ್ಯನವರು ‘ಏಕಲವ್ಯ’ ಎಂಬ ನಾಟಕವನ್ನೇ ಬರೆದರು. ಪ್ರತಿಯೊಂದಕ್ಕೂ ಒಂದೊಂದು ಲೇಖನ ಬೇಕು. ಸಂಚಿಕೆಯ ಪುಟಗಳಿಗೆ ಮಿತಿಯಿದೆ.

ನಮ್ಮ ನಾಟಕದ ಕಥೆ ಅರ್ಧಕ್ಕೇ ನಿಂತಿತು. ಮೇಷ್ಟ್ರು ದೃಶ್ಯವನ್ನು ಬದಲಿಸಲಿಲ್ಲ. ಒಂದೇ ಒಂದು ಮಾತು ಸೇರಿಸಿದರು. ದ್ರೋಣ ಬೆರಳು ಕೇಳಿದಾಗ ಏಕಲವ್ಯ, ಆ ಹುಡುಗ ಕೇಳಿದ ಹಾಗೆಯೇ, “ಯಾಕೆ ಗುರುಗಳೇ?” ಎನ್ನಬೇಕು; ದ್ರೋಣ ಉತ್ತರ ಕೊಡದೆ ನೆಲ ನೋಡುತ್ತ ನಿಲ್ಲಬೇಕು. ದ್ರೋಣನ ಪಾತ್ರ ನನ್ನದು. ಗಡ್ಡ ಕೆರೆಯುತ್ತಿತ್ತು, ಗ್ಯಾಸ್‌ಲೈಟಿನ ಹುಳುಗಳು ಮುಖಕ್ಕೆ ಬಡಿಯುತ್ತಿದ್ದವು. ನಾನು ನೆಲ ನೋಡುತ್ತ ನಿಂತಿದ್ದಾಗ ಮುಂದೆ ಚಾಪೆಯ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಗಟ್ಟಿಯಾಗಿ, “ಕೊಡಬ್ಯಾಡ ಕಣೋ ಮಗಾ” ಎಂದು ಕೂಗಿದರು. ಸಭೆ ಒಂದು ಗಳಿಗೆ ಸ್ತಬ್ಧವಾಯಿತು. ಏಕಲವ್ಯ ಅಜ್ಜಿಯ ಕಡೆ ಒಮ್ಮೆ ನೋಡಿದ, ಆಮೇಲೆ ಕತ್ತಿ ತೆಗೆದುಕೊಂಡ.

ಮೇಷ್ಟ್ರು ಕೈಯಾರೆ ಬರೆದ ಆ ನಾಟಕದ ನೋಟ್‌ಬುಕ್ ಶಾಲೆಯ ಬೀರುವಿನಲ್ಲಿ ಈಗ ಇಲ್ಲ. ಈ ಲೇಖನಕ್ಕಾಗಿ ಹುಡುಕಿಸಿದೆ. ನೀಲಿ ರಟ್ಟಿನ ಇನ್ನೂರು ಪುಟದ ಪುಸ್ತಕ. ಹಳೆಯ ವಿದ್ಯಾರ್ಥಿಗಳಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಸಿಕ್ಕಿದರೆ ದಯವಿಟ್ಟು ಮುಖ್ಯೋಪಾಧ್ಯಾಯರಿಗೆ ತಲುಪಿಸಬೇಕೆಂದು ಕೋರುತ್ತೇನೆ.