ಆ ಕಿತ್ತಳಿ ಟೊಪಗಿ ಎಲ್ಲಿಂದ ಬಂತು?

ಮೊಬೈಲ್‌ನಾಗ ಕಿತ್ತಳಿ-ಬಿಳಿ ಪಟ್ಟಿ ಇರೋ ಟೊಪಗಿ ಚಿತ್ರದ ಆ್ಯಪ್ ಒಂದು ಇರ್ತದ ನೋಡ್ರಿ, ವಿಎಲ್‌ಸಿ ಅಂತ. ನಾ ಎಷ್ಟೋ ವರ್ಷ ಅದನ್ನ ಬರ್ತ್‌ಡೇ ಟೊಪಗಿ ಅಂತನ ತಿಳಕೊಂಡಿದ್ದೆ. ಅದು ಟೊಪಗಿ ಅಲ್ಲಂತ. ರಸ್ತೆ ಅಗದಲ್ಲೆ ಗಾಡಿ ಬರಬಾರದು ಅಂತ ಇಡ್ತಾರಲ್ಲ, ಆ ಪ್ಲಾಸ್ಟಿಕ್ ಕೋನ್. ಸಿನಿಮಾ ನೋಡೋ ಆ್ಯಪಿಗೆ ರಸ್ತೆ ಕೋನ್ ಯಾಕ ಅಂತ ಹುಡುಕ್ಲಿಕ್ಕೆ ಹೋದ್ರ ಅದರ ಹಿಂದ ಒಂದು ದೊಡ್ಡ ಇತಿಹಾಸನ ಅದ.

ಹುಡುಕ್ಲಿಕ್ಕೆ ಕಾರಣಾನೂ ಇತ್ತು. ನಮ್ಮ ತಮ್ಮನ ಮದವಿ ಆಗಿದ್ದು 2001ರಾಗ. ಆವಾಗ ವೀಡಿಯೋದವರು ಎರಡು ಸಿ.ಡಿ. ಕೊಟ್ಟಿದ್ರು. ಅದರಾಗ ನಮ್ಮವ್ವ ಉರುಟಣಿ ಹಾಡು ಹಾಡ್ಯಾಳ. ಅವ್ವ ಹೋಗಿ ಒಂಬತ್ತು ವರ್ಷ ಆತು, ಅಕಿ ಧ್ವನಿ ಬ್ಯಾರೆ ಎಲ್ಲೂ ಇಲ್ಲ. ಅಂಗಡಿಯಾಂವ "ಇದು ಹಳೇದು ಬಾಯಾರ, ನಡೆಯಂಗಿಲ್ಲ" ಅಂದ. ಲ್ಯಾಪ್‌ಟಾಪ್‌ನಾಗಿದ್ದ ಪ್ಲೇಯರ್ ಏನೋ ಕೋಡೆಕ್ ಇಲ್ಲ ಅಂತು, ಅದಕ್ಕ ಬ್ಯಾರೆ ರೊಕ್ಕ ಕೇಳ್ತು. ಕಡೀಕ ತಮ್ಮನ ಮಗ ಒಂದು ಹಳೇ ಸಿ.ಡಿ. ಡ್ರೈವ್ ತಂದು ಕಾಪಿ ಮಾಡ್ಲಿಕ್ಕೆ ಹಚ್ಚಿದ. ಅರ್ಧಕ್ಕ ನಿಂತು ಹೋತು. "ಅತ್ಯಾ, ಇದ್ದಷ್ಟ ನೋಡೋಣ" ಅಂದು ವಿಎಲ್‌ಸಿದಾಗ ಹಾಕಿದ. ಚಿತ್ರ ಎರಡು ಸಲ ಒಡಧಂಗಾತು, ಆಮ್ಯಾಲೆ ಅವ್ವ ಹಸರು ಇರಕಲ್ ಸೀರಿ ಉಟ್ಟು ಕೂತಿದ್ದು ಕಾಣಿಸ್ತು.

ಅರ್ಧಾ ಮುರದ ಫೈಲ್ ಇದರಾಗಷ್ಟ ಹೆಂಗ ನಡೀತು?

ಪ್ಯಾರಿಸ್ ಹತ್ರ ಎಕೋಲ್ ಸೆಂತ್ರಾಲ್ ಅಂತ ದೊಡ್ಡ ಎಂಜಿನಿಯರಿಂಗ್ ಕಾಲೇಜು. ಅಲ್ಲಿಯ ಹಾಸ್ಟೆಲ್‌ನ ನೆಟ್‌ವರ್ಕ್ ಹುಡುಗೂರ ಸಂಘನ ನೋಡಕೋತಿತ್ತು. ಹಳೇ ಪದ್ಧತಿ ಅದು, ಟೋಕನ್ ರಿಂಗ್ ಅಂತ. ಟೋಕನ್ ಒಂದು ಸುತ್ತ ತಿರಗತಿರತದ, ತನ್ನ ಕಡೆ ಬಂದಾಗಷ್ಟ ಒಂದು ಕಂಪ್ಯೂಟರ್ ಮಾತಾಡಬೇಕು. ಭಾಳ ನಿಧಾನ. 1995ರ ಸುಮಾರಿಗೆ ಹುಡುಗೂರಿಗೆ ಗೇಮ್ ಆಡ್ಲಿಕ್ಕೆ ಜೋರ ನೆಟ್‌ವರ್ಕ್ ಬೇಕಾತು. ಗೇಮ್ ಆಡ್ತೇವಿ ರೊಕ್ಕ ಕೊಡ್ರಿ ಅಂದ್ರ ಯಾರ ಕೊಡ್ತಾರ? (ನಮ್ಮ ಮನ್ಯಾಗೂ "ಓದ್ಲಿಕ್ಕೆ" ಅಂತನ ಫೋನ್ ತೊಗೊಂಡಿದ್ದು.) ಅವರು ಒಂದು ಉಪಾಯ ಮಾಡಿದ್ರು. ಒಂದೊಂದು ಖೋಲಿಗೆ ಒಂದೊಂದು ಡಿಶ್ಶು, ಡಿಕೋಡರ್ ಕೊಡಸೂಕಿಂತ, ಇಡೀ ಹಾಸ್ಟೆಲ್‌ಗೆ ಒಂದ ಡಿಶ್ ಹಾಕಿ, ಟಿ.ವಿ. ಚಿತ್ರಾನ ನೆಟ್‌ವರ್ಕಿನ ವೈರಿನಾಗ ಎಲ್ಲಾರ ಕಂಪ್ಯೂಟರಿಗೆ ಕಳಸ್ತೇವಿ ಅಂತ ಕಂಪನಿಯವ್ರಿಗೆ ಹೇಳಿದ್ರು. ರೊಕ್ಕ ಬಂತು. ಮನಿಗೊಂದು ಬಾವಿ ತೋಡೂಕಿಂತ ಓಣಿಗೊಂದು ಬಾವಿ ಅಂದಂಗ.

1996ರಾಗ ಶುರು ಆದ ಈ ಕೆಲಸಕ್ಕ ವಿಡಿಯೋಲ್ಯಾನ್ ಅಂತ ಹೆಸರು ಬಂತು. ಕಳಸೋ ಪ್ರೋಗ್ರಾಮ್ ಒಂದು, ಖೋಲಿಯೊಳಗ ಕೂತು ನೋಡೋ ಪ್ರೋಗ್ರಾಮ್ ಒಂದು. ನೋಡೋದಕ್ಕ ವಿಡಿಯೋಲ್ಯಾನ್ ಕ್ಲೈಂಟ್ ಅಂತಿದ್ರು, ಅದ ವಿಎಲ್‌ಸಿ. ವೈರಿನಾಗ ಚಿತ್ರ ಸಣ್ಣ ಸಣ್ಣ ಪೊಟ್ಟಣ ಆಗಿ ಬರ್ತದ, ನಡುವ ಒಂದೆರಡು ಕಳೀತಾವ. ಪಂಕ್ತಿಯೊಳಗ ಒಂದು ಎಲಿಗೆ ಕೋಸಂಬರಿ ಬೀಳಲಿಲ್ಲಂತ ಬಡಸೂದು ನಿಲ್ಲಸ್ತೀವೇನು? ಹಂಗ ಬಿಟ್ಟಿದ್ದು ಬಿಟ್ಟು ಮುಂದ ನಡೀಲಿಕ್ಕೆ ಅದನ್ನ ಕಲಸಿದ್ರು. ನಮ್ಮ ಅರ್ಧಾ ಫೈಲ್ ನಡದದ್ದೂ ಆ ಹಾಸ್ಟೆಲ್ ಗುಣದಿಂದನ.

ಕೋನ್‌ದ್ದು ಇಷ್ಟ: ಆ ಸಂಘದ ಹುಡುಗೂರು ಒಂದು ರಾತ್ರಿ ಕುಡದು ಬರೋವಾಗ ರಸ್ತೆದಾಗಿನ ಕೋನ್ ಎತ್ತಿ ತಂದ್ರಂತ. ಆಮ್ಯಾಲೆ ಅದ ಚಟಾ ಆಗಿ ಖೋಲಿ ತುಂಬ ಕೋನ್ ಆದ್ವಂತ. ಡಿಸೆಂಬರ್ ಕಡೀಕ ಕೋನ್ ಮ್ಯಾಲೆ ಸಾಂತಾ ಟೊಪಗಿ ಬರ್ತದ, ನೋಡ್ರಿ ಬೇಕಾದ್ರ.

ಖರೇ ದೊಡ್ಡ ಕೆಲಸ ಆಗಿದ್ದು 2001ರ ಫೆಬ್ರುವರಿ 1ಕ್ಕ. ಹುಡುಗೂರು ಮಾಡಿದ್ದು ಕಾಲೇಜಿನ ಆಸ್ತಿ ಆಗಿತ್ತು. ಅದನ್ನ ಎಲ್ಲಾರಿಗೂ ಬಿಟ್ಟು ಕೊಡ್ರಿ ಅಂತ ಮುಖ್ಯಸ್ಥರ ಬೆನ್ನ ಹತ್ತಿ ಒಪ್ಪಿಸಿದ್ರು. ಅಮೇರಿಕಾದ ರಿಚರ್ಡ್ ಸ್ಟಾಲ್‌ಮನ್ 1989ರಾಗ ತಂದ ಜಿ.ಪಿ.ಎಲ್. ಅನ್ನೋ ಕರಾರಿನ ಮ್ಯಾಲೆ ಬಿಟ್ಟು ಕೊಟ್ರು. ಈ ಕರಾರು ನಮಗ ಹೊಸಾದೇನಲ್ಲ, ಹೆಪ್ಪಿನ ಲೆಕ್ಕ. ಬಾಜೂ ಮನಿಯಿಂದ ಹೆಪ್ಪು ತಂದು ನಾವು ಮಸರು ಮಾಡ್ಕೋಬಹುದು, ಮಾರಲೂಬಹುದು. ಕೊಟ್ಟವ್ರಿಗೆ ಏನೂ ಕಡಿಮಿ ಆಗಂಗಿಲ್ಲ. ಆದ್ರ ನಮ್ಮ ಮಸರು ತೊಗೊಂಡವ್ರು ಹೆಪ್ಪು ಕೇಳಿದ್ರ ಇಲ್ಲ ಅನ್ನಂಗಿಲ್ಲ, ನಾವು ಏನರೆ ಬದಲಿ ಮಾಡಿದ್ರ ಅದನ್ನೂ ಹೇಳಬೇಕು. ಪತ್ರ ಆದಮ್ಯಾಲೆ ದೇಶ ದೇಶದವ್ರು ಕೂಡಿ ಕೆಲಸ ಮಾಡ್ಲಿಕ್ಕೆ ಹತ್ತಿದ್ರು. ಕೋಡೆಕ್‌ಗಳು ಹೊರಗಿಂದ ಬೇಕಾಗಲಿಲ್ಲ, ಆ್ಯಪಿನ ಹೊಟ್ಟ್ಯಾಗನ ಕೂತ್ವು. ಅದರಾಗ ಹೆಚ್ಚಿನವು ಎಫ್ಎಫ್‌ಎಂಪೆಗ್ ಅನ್ನೋ ಇನ್ನೊಂದು ಹಂಚಿಕೊಂಡ ಕೆಲಸದಿಂದ ಬಂದಾವ.

ಅದ ಕಾಲೇಜಿನಾಗ ಓದಿದ ಜಾನ್ ಬಾಪ್ಟಿಸ್ಟ್ ಕೆಂಪ್ ಅನ್ನಾಂವ (ಹೆಸರು ನಮ್ಮ ಕೆಂಪಣ್ಣನ ಹಂಗ ಅನಸ್ತದ) 2008ರ ಹೊತ್ತಿಗೆ ಇದನ್ನ ಕಾಲೇಜಿನಿಂದ ಹೊರಗ ತಂದು ಲಾಭ ಇಲ್ಲದ ಸಂಘ ಕಟ್ಟಿದ. ಜಾಹೀರಾತು ಹಾಕ್ರಿ ಅಂತ ಕೋಟಿಗಟ್ಟಲೆ ರೊಕ್ಕ ಬಂದದ್ದನ್ನ ಒಲ್ಲೆ ಅಂದಾನ. ಈಗ ಆರು ನೂರು ಕೋಟಿ ಸಲ ಡೌನ್‌ಲೋಡ್ ಆಗೇದ. ನಡುವ ಒಂದು ಜಾಹೀರಾತಿಲ್ಲ. ಭಜನಿ ಹಚ್ಚಿದ್ರ ನಡುವ ಸಾಲದ ಆ್ಯಪಿನವ್ರು ಚೀರೋದು ಕೇಳಿ ಕೇಳಿ ಸಾಕಾದವ್ರಿಗೆ ಅದರ ಬೆಲಿ ಗೊತ್ತು.

ನಮ್ಮ ದೇಶದಾಗ 2022ರ ಫೆಬ್ರುವರಿಯಿಂದ ಇವರ ವೆಬ್‌ಸೈಟ್ ಬಂದ್ ಆಗಿತ್ತು. ಯಾಕಂತ ಸಂಘದವ್ರಿಗೇ ಯಾರೂ ತಿಳಿಸಿರಲಿಲ್ಲ. ಅಕ್ಟೋಬರಿನಾಗ ಅವರು ಸರಕಾರಕ್ಕ ವಕೀಲರ ನೋಟಿಸ್ ಕೊಟ್ರು, ನವೆಂಬರಿನಾಗ ತಗೀತು. ಅಷ್ಟು ದಿನಾನೂ ಫೋನಿನಾಗ ಹಾಕ್ಕೊಂಡಿದ್ದು ನಡೀತಾನ ಇತ್ತು. ಹೆಪ್ಪು ಮನ್ಯಾಗ ಇದ್ದಮ್ಯಾಲೆ ಡೇರಿ ಬಂದ್ ಆದ್ರ ಏನಾಗೂದದ?

ನಮ್ಮ ಸಿ.ಡಿ. ಮಾತ್ರ ಅವ್ವ ಎರಡನೇ ನುಡಿ ಎತ್ತಿಕೊಳ್ಳೋದ್ರೊಳಗ ನಿಂತು ಬಿಡ್ತದ. ಇನ್ನೊಂದು ಸಿ.ಡಿ. ತಮ್ಮನ ಬೀಗರ ಮನ್ಯಾಗ ಗದಗಿನಾಗ ಅದ ಅಂತ ವೈನಿ ಹೇಳ್ಯಾರ. ಬರೋ ಅಮಾಸಿ ಆದ ಮ್ಯಾಲೆ ಡ್ರೈವ್ ಚೀಲದಾಗ ಹಾಕ್ಕೊಂಡು ಹೋಗಾಕಿ.